ಮಗುವಿನ ಅಟ್ಟಮಂಚ

ಚಿಕ್ಕ ಮನೆಯಲ್ಲಿ ಮಗುವಿಗೆ ಮಲಗಲೊಂದೆಡೆ, ಓದಲೊಂದೆಡೆ ದೊರೆಯುವುದು ದುರ್ಲಭ. ನೆಲ ಸಾಲದೆಡೆಯಲ್ಲಿ ನಮ್ಮ ಹಿರಿಯರು ಅಟ್ಟವನ್ನು ಕಟ್ಟುತ್ತಿದ್ದರು. ಅದೇ ಉಪಾಯದಿಂದ ನಾವೂ ನಮ್ಮ ಮಗಳಿಗಾಗಿ, ಕೆಳಗೆ ಮೇಜು ಹಿಡಿಯುವಂತಹ ಎತ್ತರದ ಮಂಚವೊಂದನ್ನು ಮಾಡಿಸಿದೆವು.

ಮಂಚವು ಸಿದ್ಧವಾದ ದಿನ ಮಗು ಮೇಲೇರಿ ಹಿಗ್ಗಿನಿಂದ ಕೈಯೆತ್ತಿತು. ತಿರುಗುತ್ತಿದ್ದ ಪಂಖದ ರೆಕ್ಕೆಯು ಗೇಣುದೂರದಲ್ಲಿದ್ದಿತು! ನಮ್ಮ ಎದೆ ನಡುಗಿತು. ಅಂದೇ ಅದನ್ನು ತೆಗೆಯಿಸಿ ಗೋಡೆಯ ಪಂಖವನ್ನು ಹಾಕಿಸಿದೆವು.

ಆದುದರಿಂದ ವಾಚಕರು ಮರವನ್ನು ಕೊಳ್ಳುವ ಮೊದಲೇ ಛಾವಣಿಯ ಎತ್ತರವನ್ನೂ ಪಂಖದ ಸ್ಥಾನವನ್ನೂ ಅಳೆಯತಕ್ಕದ್ದು. ೬ ವರ್ಷ ತುಂಬದ ಮಕ್ಕಳನ್ನು ಮೇಲೆ ಮಲಗಿಸಲಾಗದು. ಸುತ್ತಲಿನ ಕಟಕಟೆಯು ಹಾಸಿಗೆಯ ಮೇಲ್ಮೈಯಿಂದ ೫ ಅಂಗುಲಕ್ಕೆ ಕಡಿಮೆಯಿಲ್ಲದಂತೆ ಎದ್ದಿರಬೇಕು. ಅದರ ಸಂದುಗಳು ೩½ ಅಂಗುಲವನ್ನು ಮೀರಬಾರದು. ಮೀರಿದರೆ ಮೈ ನುಸುಳಿ ತಲೆ ಸಿಕ್ಕಿಕೊಂಡೀತು. ಮೊಳೆಯು ಅಲುಗಾಟಕ್ಕೆ ಸಡಿಲುವುದರಿಂದ, ಕಾಲುಗಳನ್ನೂ ಪಟ್ಟಿಗಳನ್ನೂ ಬೋಲ್ಟುಗಳಿಂದ ಬಿಗಿಯಿಸಿ, ಮಂಚವನ್ನು ಗೋಡೆಗೂ ಹಿಡಿಸಬೇಕು. ಕೆಳಗೆ ನೆರಳು ಕವಿಯುವುದು. ಬಲಗೈಯಿಂದ ಬರೆಯುವ ಮಗುವಿಗೆ ದೀಪವು ಎಡಗಡೆಯಿಂದ ಬರಲಿ.

ಈಗ ಮಗು ಆ ಮೇಜಿನಲ್ಲಿ ನೆಮ್ಮದಿಯಿಂದ ಓದುವುದು. ಅದು ಏಣಿಯನ್ನು ಏರುವಾಗ ಮಾತ್ರ ನಮ್ಮ ಕಣ್ಣು ಇಂದಿಗೂ ಛಾವಣಿಯ ಕಡೆಗೆ ಹೋಗುವುದು.