ಸಕ್ಕರೆ ಸರಿಯಿದೆ, ರಕ್ತನಾಳ?

"ಡಾಕ್ಟ್ರೇ, ನಮ್ಮ ಅಣ್ಣನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಹೋದ ವರ್ಷವಷ್ಟೇ ರಕ್ತ ಪರೀಕ್ಷೆ ಮಾಡಿಸಿದ್ದೆವು, ಶುಗರ್ ನಾರ್ಮಲ್ ಅಂತ ಬಂದಿತ್ತು. 45ಕ್ಕೇ ಹಾರ್ಟ್ ಅಟ್ಯಾಕ್ ಹೇಗಾಯಿತು?"

ತೀವ್ರ ನಿಗಾ ಘಟಕದ ಹೊರಗೆ ನಿಂತ ಮನೆಯವರು ಕೇಳುವ ಈ ಪ್ರಶ್ನೆ ವೈದ್ಯರಿಗೆ ಹೊಸದಲ್ಲ. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್, ವಂಶಪಾರಂಪರ್ಯ ಎಂದು ಹೃದಯಾಘಾತಕ್ಕೆ ಕಾರಣಗಳು ಹಲವು. ಇವುಗಳ ಜೊತೆಗೆ, ಸಕ್ಕರೆಯ ರಿಪೋರ್ಟಿನಲ್ಲಿ ಕಾಣಿಸಿಕೊಳ್ಳದೆ ಕೆಲಸ ಮಾಡುವ ಇನ್ನೊಂದು ಕಾರಣವಿದೆ. ಅದೇ 'ಇನ್ಸುಲಿನ್ ಪ್ರತಿರೋಧ'.

ಏನಿದು ಪ್ರತಿರೋಧ?

ಊಟದ ನಂತರ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸುತ್ತದೆ. ಗ್ಲೂಕೋಸನ್ನು ಸ್ನಾಯುಗಳ ಒಳಗೆ ಸೇರಿಸುವುದು, ಪಿತ್ತಜನಕಾಂಗ ಹೊಸದಾಗಿ ಗ್ಲೂಕೋಸ್ ತಯಾರಿಸದಂತೆ ತಡೆಯುವುದು ಇನ್ಸುಲಿನ್‌ನ ಕೆಲಸ. ಹೊಟ್ಟೆಯ ಬೊಜ್ಜು, ಮೈ ಬಗ್ಗಿಸದ ಜೀವನ, ಹುಟ್ಟುಗುಣ ಇವುಗಳಿಂದಾಗಿ ಕೆಲವರಲ್ಲಿ ಜೀವಕೋಶಗಳು ಇನ್ಸುಲಿನ್‌ನ ಕರೆಗೆ ಓಗೊಡುವುದಿಲ್ಲ. ಒಂದು ಕೂಗಿಗೆ ಬಾರದ ಮಗುವನ್ನು ತಾಯಿ ನಾಲ್ಕು ಬಾರಿ ಕೂಗುವಂತೆ, ಗ್ರಂಥಿಯು ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೀಗೆ ವರ್ಷಗಟ್ಟಲೆ ಸಕ್ಕರೆ ಹತೋಟಿಯಲ್ಲಿರುತ್ತದೆ. ಗ್ರಂಥಿ ಸೋತ ದಿನವೇ ಮಧುಮೇಹ ಹೊರಬೀಳುವುದು.

ಎಲ್ಲ ಮಧುಮೇಹಿಗಳೂ ಇನ್ಸುಲಿನ್‌ಗೆ ಒಂದೇ ರೀತಿ ಸ್ಪಂದಿಸುವುದಿಲ್ಲ ಎಂಬುದನ್ನು 1936ರಲ್ಲೇ ಲಂಡನ್ನಿನ ಡಾ. ಹೆರಾಲ್ಡ್ ಹಿಮ್ಸ್‌ವರ್ತ್ ತೋರಿಸಿದ್ದರು. 1988ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾ. ಜೆರಾಲ್ಡ್ ರೀವನ್ ಅವರು ಈ ಪ್ರತಿರೋಧ, ಏರಿದ ರಕ್ತದೊತ್ತಡ, ಹೆಚ್ಚಿದ ಟ್ರೈಗ್ಲಿಸರೈಡ್, ತಗ್ಗಿದ ಒಳ್ಳೆಯ ಕೊಲೆಸ್ಟರಾಲ್ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳೆಂದು ವಿವರಿಸಿ, ಅದಕ್ಕೆ 'ಸಿಂಡ್ರೋಮ್ ಎಕ್ಸ್' ಎಂದು ಹೆಸರಿಟ್ಟರು.

ನಾಳದ ಒಳಪೊರೆ

ರಕ್ತನಾಳದ ಒಳಗೋಡೆಗೆ ಒಂದೇ ಪದರದ ಜೀವಕೋಶಗಳ ತೆಳುಪೊರೆ ಇದೆ. ಇದು ಬರಿಯ ಅಸ್ತರಿಯಲ್ಲ. ಈ ಪೊರೆಯನ್ನು ಉಜ್ಜಿ ತೆಗೆದರೆ, ನಾಳವನ್ನು ಸಡಿಲಗೊಳಿಸಬೇಕಾದ ಔಷಧವೂ ಕೆಲಸ ಮಾಡುವುದಿಲ್ಲ ಎಂಬುದನ್ನು 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳಲ್ಲಿ ಕಂಡರು. ಪೊರೆಯಿಂದ ಹೊರಡುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೇ ನಾಳವನ್ನು ಹಿಗ್ಗಿಸುತ್ತದೆಂದು ಮುಂದೆ ತಿಳಿದುಬಂತು. ಈ ಶೋಧಕ್ಕಾಗಿ 1998ರ ನೊಬೆಲ್ ಪ್ರಶಸ್ತಿ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ ಸಂದಿತು.

ಇನ್ಸುಲಿನ್ ಕೂಡ ಈ ಪೊರೆಯಿಂದ ನೈಟ್ರಿಕ್ ಆಕ್ಸೈಡ್ ಹೊರಡಿಸುತ್ತದೆ. ಪ್ರತಿರೋಧ ಬೆಳೆದಾಗ ಆ ಕೆಲಸ ಕುಂದುತ್ತದೆ. ಆದರೆ ನಾಳವನ್ನು ಕುಗ್ಗಿಸುವ ವಸ್ತುಗಳಿಗೆ ಇನ್ಸುಲಿನ್ ಕೊಡುವ ಪ್ರಚೋದನೆ ನಿಲ್ಲುವುದಿಲ್ಲ. ಹಿಗ್ಗಬೇಕಾದ ನಾಳ ಹಿಗ್ಗದು, ಒತ್ತಡ ಏರುತ್ತದೆ, ಗೋಡೆಯಲ್ಲಿ ಕೊಬ್ಬು ಕೂಡುತ್ತದೆ. ಮಧುಮೇಹವಿಲ್ಲದ ಸ್ಥೂಲದೇಹಿಗಳಲ್ಲೂ ಕಾಲಿನ ರಕ್ತನಾಳಗಳು ಸರಿಯಾಗಿ ಹಿಗ್ಗುವುದಿಲ್ಲ ಎಂಬುದನ್ನು 1996ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದರು. ಹಾನಿ ಶುರುವಾಗಲು ಸಕ್ಕರೆ ಏರಲೇಬೇಕೆಂದಿಲ್ಲ ಎಂಬುದೇ ಇದರ ಪಾಠ.

ಪತ್ತೆ ಹೇಗೆ?

ಅತ್ಯಂತ ನಿಖರವಾದುದು 1979ರಲ್ಲಿ ಡಾ. ರಾಲ್ಫ್ ಡಿಫ್ರಾಂಜೊ ಮತ್ತು ಸಂಗಡಿಗರು ವಿವರಿಸಿದ 'ಕ್ಲ್ಯಾಂಪ್' ವಿಧಾನ. ಒಂದು ಕಡೆಯಿಂದ ಇನ್ಸುಲಿನ್, ಇನ್ನೊಂದು ಕಡೆಯಿಂದ ಗ್ಲೂಕೋಸ್ ಹರಿಸುತ್ತಾ ಗಂಟೆಗಟ್ಟಲೆ ಅಳೆಯುವ ಇದು ಸಂಶೋಧನೆಗಷ್ಟೇ ಸರಿ.

1985ರಲ್ಲಿ ಆಕ್ಸ್‌ಫರ್ಡಿನಿಂದ ಬಂದ 'ಹೋಮಾ' ಲೆಕ್ಕ ಸುಲಭ. ಖಾಲಿ ಹೊಟ್ಟೆಯ ಗ್ಲೂಕೋಸನ್ನು (ಮಿಲಿಗ್ರಾಂಗಳಲ್ಲಿ) ಖಾಲಿ ಹೊಟ್ಟೆಯ ಇನ್ಸುಲಿನ್‌ನಿಂದ (ಮೈಕ್ರೋಯೂನಿಟ್‌ಗಳಲ್ಲಿ) ಗುಣಿಸಿ 405ರಿಂದ ಭಾಗಿಸಬೇಕು. ಇಬ್ಬರ ಗ್ಲೂಕೋಸ್ 96 ಎಂದಿಟ್ಟುಕೊಳ್ಳೋಣ. ಒಬ್ಬರ ಇನ್ಸುಲಿನ್ 6 ಇದ್ದರೆ ಉತ್ತರ 1.4, ಇನ್ನೊಬ್ಬರದು 18 ಇದ್ದರೆ 4.3. ಸಕ್ಕರೆ ಒಂದೇ, ಆದರೆ ಎರಡನೆಯವರ ಗ್ರಂಥಿ ಮೂರು ಪಟ್ಟು ದುಡಿಯುತ್ತಿದೆ. ಆದರೂ ಇನ್ಸುಲಿನ್ ಅಳತೆ ಲ್ಯಾಬಿನಿಂದ ಲ್ಯಾಬಿಗೆ ವ್ಯತ್ಯಾಸವಾಗುವುದರಿಂದ, ಎಲ್ಲರೂ ಈ ಪರೀಕ್ಷೆಗೆ ಹಣ ಸುರಿಯಬೇಕಾದ ಅಗತ್ಯವಿಲ್ಲ.

ನಾಳದ ಶಕ್ತಿಯನ್ನೂ ಅಳೆಯಬಹುದು. ತೋಳಿಗೆ ಬಿ.ಪಿ. ಪಟ್ಟಿ ಬಿಗಿದು ಐದು ನಿಮಿಷ ರಕ್ತ ತಡೆದು, ಬಿಟ್ಟ ಮೇಲೆ ಅಪಧಮನಿ ಎಷ್ಟು ಹಿಗ್ಗಿತೆಂದು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ. ಇದೂ ಬಹುಮಟ್ಟಿಗೆ ಸಂಶೋಧನೆಯ ಪರೀಕ್ಷೆಯೇ.

ಮನೆಯಲ್ಲೇ ಸುಳಿವು

ಹಾಗಾದರೆ ಸಾಮಾನ್ಯರು ನೋಡಬೇಕಾದುದು ಏನು?

* ಸೊಂಟದ ಸುತ್ತಳತೆ: ಭಾರತೀಯ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಅಥವಾ ಹೆಚ್ಚು.
* ರಕ್ತದೊತ್ತಡ: 130/85 ಅಥವಾ ಹೆಚ್ಚು.
* ಟ್ರೈಗ್ಲಿಸರೈಡ್: 150 ಅಥವಾ ಹೆಚ್ಚು.
* ಒಳ್ಳೆಯ ಕೊಲೆಸ್ಟರಾಲ್ (ಎಚ್‌ಡಿಎಲ್): ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ.
* ಖಾಲಿ ಹೊಟ್ಟೆಯ ಗ್ಲೂಕೋಸ್: 100 ಅಥವಾ ಹೆಚ್ಚು.

ಇವುಗಳಲ್ಲಿ ಮೂರು ಇದ್ದರೆ ವೈದ್ಯರನ್ನು ಕಾಣಲು ತಡಮಾಡಬೇಡಿ. ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದರೆ ಅದೂ ಒಂದು ಸೂಚನೆ. ಕೊಳೆಯೆಂದು ತಿಕ್ಕಿದರೆ ಹೋಗದು. "ನಾನು ತೆಳ್ಳಗಿದ್ದೇನೆ" ಎಂದು ನಿಶ್ಚಿಂತರಾಗುವುದೂ ಸಲ್ಲ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ದೇಹ ನಮ್ಮವರಲ್ಲಿ ಸಾಮಾನ್ಯ.

ಪರಿಹಾರ ನಿಮ್ಮ ಕೈಯಲ್ಲಿ

ದುಡಿಯುವ ಸ್ನಾಯು ಇನ್ಸುಲಿನ್‌ನ ಹಂಗಿಲ್ಲದೆಯೂ ಗ್ಲೂಕೋಸ್ ಹೀರಿಕೊಳ್ಳುತ್ತದೆ. ಆದ್ದರಿಂದ ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಿನ ನಡಿಗೆ ಇರಲಿ. ಅನ್ನವಾಗಲಿ ಮುದ್ದೆಯಾಗಲಿ ಮಿತವಾಗಿರಲಿ; ತಟ್ಟೆಯ ಅರ್ಧಭಾಗ ಸೊಪ್ಪು, ಪಲ್ಯ, ಕೋಸಂಬರಿಗೆ ಬಿಡಿ. ಕಾಫಿಯ ಸಕ್ಕರೆ, ಕರಿದ ತಿಂಡಿ ಕಡಿಮೆ ಮಾಡಿ. ಬೀಡಿ, ಸಿಗರೇಟು ನಾಳದ ಒಳಪೊರೆಗೆ ನೇರ ಶತ್ರು. ಮಧುಮೇಹದ ಹೊಸ್ತಿಲಲ್ಲಿದ್ದವರಲ್ಲಿ ಆಹಾರ ಮತ್ತು ನಡಿಗೆಯ ಬದಲಾವಣೆಯೊಂದರಿಂದಲೇ ಕಾಯಿಲೆಯ ಸಂಭವ ಶೇ. 28.5ರಷ್ಟು ತಗ್ಗಿತೆಂದು ಡಾ. ಎ. ರಾಮಚಂದ್ರನ್ ನೇತೃತ್ವದ ಭಾರತೀಯ ಅಧ್ಯಯನ 2006ರಲ್ಲಿ ತೋರಿಸಿತು. ಮಾತ್ರೆ ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ನೆರೆಮನೆಯವರ ಚೀಟಿ ನೋಡಿ ನುಂಗಬೇಡಿ.

ಮುಂದಿನ ಸಲ ರಿಪೋರ್ಟಿನಲ್ಲಿ 'ಶುಗರ್ ನಾರ್ಮಲ್' ಎಂದಿದ್ದರೆ ಸಂತೋಷಪಡಿ. ಆದರೆ ಹೊಲಿಗೆ ಪೆಟ್ಟಿಗೆಯಲ್ಲಿರುವ ಟೇಪನ್ನು ತೆಗೆದು ಮನೆಯವರೆಲ್ಲರ ಸೊಂಟವನ್ನೂ ಒಮ್ಮೆ ಅಳೆಯಿರಿ. ಖರ್ಚಿಲ್ಲದ ಈ ಪರೀಕ್ಷೆಗೆ ಬೆಳಿಗ್ಗೆ ಉಪವಾಸವಿರುವ ತೊಂದರೆಯೂ ಇಲ್ಲ.