ಹಾಕಿಕೊಡುವ ಕೈಗೊಂದು ಎರಡನೇ ಕೆಲಸ

‘ಸರ್ರ, ನಮ್ಮ ಕಂಪ್ಯೂಟರಿನ್ಯಾಗ ನುಡಿ ಹೋಗೇತ್ರಿ, ಮತ್ತೊಮ್ಮೆ ಹಾಕಿಕೊಡ್ರಿ.’ ನಮ್ಮ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ಲಿನ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಿಗೆ ಇದು ತೀರ ಪರಿಚಿತ ಮಾತು. ಫಾರ್ಮ್ಯಾಟ್ ಮಾಡಿದ ಕಂಪ್ಯೂಟರಿಗೆ ಮೊದಲು ಪ್ರಿಂಟರಿನ ಡ್ರೈವರ್, ಆಮೇಲೆ ಕನ್ನಡ ಟೈಪಿಂಗಿನ ನುಡಿ, ಆಮೇಲೆ ಲೆಕ್ಕಪತ್ರದ ಟ್ಯಾಲಿ. ಆಧಾರ್ ಕೆಲಸ ಇದ್ದರೆ ಥಂಬ್ ಮಷಿನ್ನಿನ ಡ್ರೈವರ್ ಮತ್ತು ಆ ಮಷಿನ್ನನ್ನು ಆಧಾರ್‌ಗೆ ಜೋಡಿಸುವ ಆರ್‌ಡಿ ಸರ್ವಿಸ್. ಯಾವುದನ್ನು ಯಾವುದರ ಹಿಂದೆ ಹಾಕಬೇಕು, ಯಾವುದು ಇಲ್ಲದಿದ್ದರೆ ಯಾವುದು ಏಳುವುದಿಲ್ಲ ಎಂಬುದು ಈ ಅಂಗಡಿಯವರಿಗೆ ಬಾಯಿಪಾಠ. ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಯನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಒಂದು ಸಾಫ್ಟ್‌ವೇರು ಇನ್ನೊಂದನ್ನು ನಂಬಿ ನಿಂತಿರುತ್ತದೆ ಎಂಬ ಪಾಠವನ್ನು ಅವರು ಕಲಿತದ್ದು ಪುಸ್ತಕದಿಂದಲ್ಲ, ಎದುರಿಗೆ ಕಾಯುತ್ತ ಕೂತ ಗಿರಾಕಿಯಿಂದ.

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದೇ ತಿಳಿವಳಿಕೆಗೆ ಬೇರೆ ಹೆಸರಿದೆ: ಅಪ್ಲಿಕೇಶನ್ ಪ್ಯಾಕೇಜಿಂಗ್ ಮತ್ತು ಡಿಪ್ಲಾಯ್‌ಮೆಂಟ್. ಮೂವತ್ತೈದು ದಾಟಿದವರು, ಬೇರೊಂದು ಕೆಲಸದಲ್ಲಿ ಹತ್ತು ವರ್ಷ ಕಳೆದವರು ಐಟಿಗೆ ಹೋಗುತ್ತೇನೆಂದರೆ ಎಲ್ಲರೂ ಕೋಡಿಂಗ್ ಕೋರ್ಸಿನ ದಾರಿಯನ್ನೇ ತೋರಿಸುತ್ತಾರೆ. ನಮ್ಮ ಭಾಗದ ಎಷ್ಟೋ ಜನರಿಗೆ ಈ ಇನ್ನೊಂದು ಬಾಗಿಲು ಹೆಚ್ಚು ಹತ್ತಿರದ್ದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕೆಲಸದ ಸ್ವರೂಪ ಇಷ್ಟು. ಇಪ್ಪತ್ತು ಸಾವಿರ ಕಂಪ್ಯೂಟರುಗಳಿರುವ ಒಂದು ಬ್ಯಾಂಕು ಅಥವಾ ಕಾರ್ಖಾನೆಯಲ್ಲಿ ಪ್ರತಿ ಟೇಬಲ್ಲಿಗೂ ಹೋಗಿ ‘ನೆಕ್ಸ್ಟ್, ನೆಕ್ಸ್ಟ್’ ಒತ್ತುತ್ತ ಕೂರಲಾಗದು. ಪ್ಯಾಕೇಜರ್ ಆದವರು ಆ ಸಾಫ್ಟ್‌ವೇರನ್ನು ಯಾರನ್ನೂ ಏನೂ ಕೇಳದೆ ತಾನಾಗಿ ಕೂರುವಂತೆ ಸಿದ್ಧಪಡಿಸುತ್ತಾರೆ. ಇದಕ್ಕೆ ಸೈಲೆಂಟ್ ಇನ್‌ಸ್ಟಾಲ್ ಎನ್ನುತ್ತಾರೆ. ಲೈಸೆನ್ಸು ಮೊದಲೇ ತುಂಬಿರಬೇಕು, ಹಳೆಯ ಆವೃತ್ತಿ ಇದ್ದರೆ ತೆಗೆಯಬೇಕು, ಮುಂದೊಂದು ದಿನ ಇದನ್ನೂ ಕಸ ಉಳಿಯದಂತೆ ತೆಗೆಯಲು ಬರಬೇಕು. ವಿಂಡೋಸ್ ಲೋಕದಲ್ಲಿ ಬಹುಕಾಲ ಇದು ಎಂಎಸ್‌ಐ ಎಂಬ ಕಡತದ ರೂಪದಲ್ಲಿ ನಡೆದಿದೆ; ಆಫೀಸ್ 2000ರ ಜೊತೆ ಬಂದ ಪದ್ಧತಿ ಅದು. ಸಿದ್ಧವಾದ ಪ್ಯಾಕೇಜನ್ನು ಡಿಪ್ಲಾಯ್‌ಮೆಂಟಿನವರು ಎಸ್‌ಸಿಸಿಎಂ ಅಥವಾ ಇನ್‌ಟ್ಯೂನ್ ಎಂಬ ಮೈಕ್ರೋಸಾಫ್ಟಿನ ಸಾಧನಗಳ ಮೂಲಕ ಮೊದಲು ಹತ್ತಾರು ಕಂಪ್ಯೂಟರಿಗೆ, ಆಮೇಲೆ ನೂರಾರಕ್ಕೆ, ಎಲ್ಲ ಸರಿಯಿದ್ದರೆ ಉಳಿದ ಸಾವಿರಾರಕ್ಕೆ ಕಳಿಸುತ್ತಾರೆ.

ಹೀಗೆ ಹಂತ ಹಂತವಾಗಿ ಹೋಗುವ, ಎಲ್ಲೆಡೆ ಮುಟ್ಟಿದೆಯೆ ಎಂದು ನೋಡುವ ತಾಳ್ಮೆ ಎಷ್ಟು ಬೆಲೆಯದ್ದು ಎಂಬುದಕ್ಕೆ ಎರಡು ಉದಾಹರಣೆ ಸಾಕು. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಹೊಸ ಕೋಡಿನೊಂದಿಗೆ ಕೆಲಸ ಶುರುಮಾಡಿತು. ಅದನ್ನು ಎಂಟು ಸರ್ವರುಗಳಿಗೂ ಹಾಕಬೇಕಿತ್ತು. ಏಳಕ್ಕೆ ಮಾತ್ರ ಹಾಕಲಾಗಿತ್ತು. ಎಂಟನೆಯದರಲ್ಲಿ ಎಂದೋ ಕೈಬಿಟ್ಟಿದ್ದ ಹಳೆಯ ಕೋಡು ಎದ್ದು ಕೂತು ಬೇಡದ ಖರೀದಿ, ಮಾರಾಟ ನಡೆಸಿತು. ಸುಮಾರು 45 ನಿಮಿಷಗಳ ವಹಿವಾಟಿನ ನಷ್ಟ 44 ಕೋಟಿ ಡಾಲರ್. ಇನ್ನೊಂದು 2024ರ ಜುಲೈ 19ರದ್ದು. ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟು ಹಂತಗಳಿಲ್ಲದೆ ಒಮ್ಮೆಲೇ ಎಲ್ಲೆಡೆ ಹೋಯಿತು. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅವತ್ತು ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು.

ಕರ್ನಾಟಕಕ್ಕೆ ಇಂಥ ಕೆಲಸ ಹೊಸದೇನಲ್ಲ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಈ ರಾಜ್ಯ ಕಂಡ ಬಹುದೊಡ್ಡ ಡಿಪ್ಲಾಯ್‌ಮೆಂಟುಗಳಲ್ಲಿ ಒಂದು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು, ಸಾಫ್ಟ್‌ವೇರು ಕೇಂದ್ರ ಸರ್ಕಾರದ ಎನ್‌ಐಸಿಯದು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು, 177 ತಾಲ್ಲೂಕುಗಳು. ಆರಂಭದಲ್ಲಿ ಎಲ್ಲವೂ ಒಂದೇ ಕೇಂದ್ರದ ಸರ್ವರಿನಲ್ಲಿ ಇರಲಿಲ್ಲ. ತಾಲ್ಲೂಕು ಕಚೇರಿಯ ದಾಖಲೆ ಆ ಕಚೇರಿಯ ಕಂಪ್ಯೂಟರಿನಲ್ಲೇ ಕೂತಿರುತ್ತಿತ್ತು. ಅಂದರೆ ಬಾದಾಮಿಯಲ್ಲೂ ಹುನಗುಂದದಲ್ಲೂ ಅದೇ ಸಾಫ್ಟ್‌ವೇರು ಅದೇ ರೀತಿ ನಡೆಯಬೇಕು, ತಿದ್ದುಪಡಿ ಆದರೆ ಅಷ್ಟೂ ಕಡೆ ಮುಟ್ಟಬೇಕು. ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ರೈತ ಪಹಣಿಯ ಉತಾರ ತೆಗೆಸಿಕೊಂಡು ಹೋಗುತ್ತಿದ್ದ. ಆ ಕಿಟಕಿಯ ಒಳಗೆ ಕೂತವರು ಅಲ್ಲಿವರೆಗೆ ಕೈಬರಹದ ಪುಸ್ತಕ ಹಿಡಿದು ಊರೂರು ತಿರುಗುತ್ತಿದ್ದ ಗ್ರಾಮ ಲೆಕ್ಕಿಗರು! ತರಬೇತಿ ಪಡೆದು, ಬೆರಳಿನ ಗುರುತು ಕೊಟ್ಟು ಲಾಗಿನ್ ಆಗಿ, ಯಾವ ಬದಲಾವಣೆ ಯಾರ ಕೈಯಿಂದ ಆಯಿತೆಂಬುದಕ್ಕೆ ಉತ್ತರ ಕೊಡುವ ಜವಾಬ್ದಾರಿ ಅವರದಾಯಿತು. ಎರಡನೇ ವೃತ್ತಿ ಎಂದು ಯಾರೂ ಅದನ್ನು ಕರೆಯಲಿಲ್ಲ, ಆದರೆ ಆದದ್ದು ಅದೇ. ಸರ್ವೆ ನಂಬರು, ಪೋಡಿ, ವಾರಸಾ ಗೊತ್ತಿದ್ದವರು ಕಂಪ್ಯೂಟರನ್ನು ಬೇಗ ಕಲಿಯಬಹುದು. ಬರೀ ಕಂಪ್ಯೂಟರು ಗೊತ್ತಿದ್ದವರಿಗೆ ಪಹಣಿಯ ಒಳಸುಳಿ ಕಲಿಯಲು ವರ್ಷಗಳು ಬೇಕು.

ಹಳೆಯ ವೃತ್ತಿಯ ಅನುಭವ ಇಲ್ಲಿ ವ್ಯರ್ಥವಾಗುವುದಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಇಳಕಲ್ಲಿನ ಸೀರೆ ಅಂಗಡಿಗೂ ಗ್ರಾನೈಟ್ ಕಾರ್ಖಾನೆಗೂ ಬಿಲ್ಲಿಂಗ್ ಸಾಫ್ಟ್‌ವೇರು ಹೊಂದಿಸಿಕೊಟ್ಟವರಿಗೆ ಮಾಲೀಕರ ಲೆಕ್ಕ ಕೆಡದಂತೆ ಆವೃತ್ತಿ ಬದಲಿಸುವುದೆಂದರೇನೆಂದು ಗೊತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದವರಿಗೆ ಯಾವ ಯಂತ್ರವನ್ನು ಹಗಲಿನಲ್ಲಿ ರೀಸ್ಟಾರ್ಟ್ ಮಾಡಬಾರದೆಂದು ಯಾರೂ ಹೇಳಿಕೊಡಬೇಕಿಲ್ಲ. ವರ್ಷವರ್ಷವೂ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಆತಂಕದಲ್ಲೇ ಪಾಠ ಹೇಳಿದ ಅತಿಥಿ ಉಪನ್ಯಾಸಕರಿಗೆ ಸ್ಪಷ್ಟವಾಗಿ ಬರೆಯುವ ಅಭ್ಯಾಸವಿರುತ್ತದೆ. ಪ್ಯಾಕೇಜಿನ ಅರ್ಧ ಜೀವ ಅದರ ದಾಖಲೆಯಲ್ಲಿದೆ.

ಕಲಿಯಬೇಕಾದದ್ದೂ ಇದೆ, ಸುಲಭವೆಂದು ನಂಬಿಸಬಾರದು. ವಿಂಡೋಸ್‌ಗೆ ಆಜ್ಞೆ ಬರೆಯುವ ಪವರ್‌ಶೆಲ್ ಬರಬೇಕು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ಓದಲು ಬರಬೇಕು. ಇನ್‌ಸ್ಟಾಲ್ ಸೋತಾಗ ಸಾವಿರಾರು ಸಾಲಿನ ಲಾಗ್ ಕಡತದಲ್ಲಿ ತಪ್ಪಿದ ಒಂದು ಸಾಲನ್ನು ಹುಡುಕುವ ಛಲ ಬೇಕು, ಅದನ್ನು ಓದುವಷ್ಟು ಇಂಗ್ಲಿಷ್ ಬೇಕು. ಸಾಮಗ್ರಿಗೆ ಮಾತ್ರ ಹೆಚ್ಚು ಖರ್ಚಿಲ್ಲ. ವಿಂಡೋಸ್ ಎಂಟರ್‌ಪ್ರೈಸ್ ಅನ್ನು ಮೈಕ್ರೋಸಾಫ್ಟ್ 90 ದಿನ ಪರೀಕ್ಷಾರ್ಥ ಉಚಿತವಾಗಿ ಕೊಡುತ್ತದೆ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರು ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ಅದನ್ನು ಕೂರಿಸಿ, ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಕೆಡಿಸಿ ಮತ್ತೆ ಹಿಂದಕ್ಕೆ ತರುತ್ತ ಕಲಿಯಬಹುದು.

ಅನುಭವದ ಪತ್ರ ಕೇಳುವ ಕಂಪನಿಗೆ ತೋರಿಸಲು ಏನೂ ಇಲ್ಲದವರಿಗೆ ಡೆಬಿಯನ್ ಎಂಬ ದಾರಿಯಿದೆ. 1993ರಲ್ಲಿ ಇಯಾನ್ ಮುರ್ಡಾಕ್ ಆರಂಭಿಸಿದ ಈ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುವವರು ಸ್ವಯಂಸೇವಕರು. 2023ರಲ್ಲಿ ಬಂದ ಅದರ 12ನೇ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಕನ್ನಡದ ‘ಗುಬ್ಬಿ’ ಮತ್ತು ‘ನವಿಲು’ ಫಾಂಟುಗಳೂ ಅದರಲ್ಲಿ ಪ್ಯಾಕೇಜುಗಳಾಗಿ ಸೇರಿವೆ. ಒಂದೇ ಆಜ್ಞೆ ಕೊಟ್ಟರೆ ಅಕ್ಷರ ಬಂದು ಕೂರುತ್ತದೆ, ಬೇರೇನು ಬೇಕೋ ಅದನ್ನೂ ಜೊತೆಗೆ ತರುತ್ತದೆ. ಯಾವುದರ ಮೇಲೆ ನಿಂತಿದೆ, ಹಕ್ಕು ಯಾರದು, ಯಾವ ಪರವಾನಗಿ ಎಂಬುದನ್ನೆಲ್ಲ ಪ್ಯಾಕೇಜರ್ ಬರೆದಿಡಲೇಬೇಕು. ಹೊಸಬರ ಕೆಲಸವನ್ನು ಹಳಬರೊಬ್ಬರು ತಿದ್ದಿ ಒಳಗೆ ಬಿಡುತ್ತಾರೆ. ಅಲ್ಲಿ ವಯಸ್ಸನ್ನಾಗಲಿ ಪದವಿಯನ್ನಾಗಲಿ ಕೇಳುವುದಿಲ್ಲ. ಮಾಡಿದ ಕೆಲಸ ಹೆಸರಿನೊಂದಿಗೆ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ.

ಕಷ್ಟಗಳನ್ನು ಮುಚ್ಚಿಡುವುದು ಅನ್ಯಾಯ. ಗಿರಾಕಿ ಯುರೋಪಿನವರಾದರೆ ಅವರ ಕಚೇರಿ ಮುಚ್ಚಿದ ಮೇಲೆ ಡಿಪ್ಲಾಯ್‌ಮೆಂಟ್, ಅಂದರೆ ನಮಗೆ ನಡುರಾತ್ರಿ. ಎಷ್ಟೋ ಹುದ್ದೆಗಳು ಗುತ್ತಿಗೆಯವು. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಸೇರಿದವರು ಮನೆಯಲ್ಲಿ ವಯಸ್ಸಾದ ಅವ್ವ, ಅಪ್ಪನನ್ನು ಬಿಟ್ಟು ಹೋಗಿರುತ್ತಾರೆ. ಜನಪ್ರಿಯ ಸಾಫ್ಟ್‌ವೇರುಗಳ ಪ್ಯಾಕೇಜು ಈಗ ವಿನ್‌ಗೆಟ್‌ನಂಥ ಕೋಶಗಳಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಸರಳ ಕೆಲಸ ಯಂತ್ರದ ಪಾಲಾಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಮಾಡಿದ ಕಂಪನಿಯೇ ಮುಚ್ಚಿಹೋದ ಹಳೆಯ ಸಾಫ್ಟ್‌ವೇರು, ಒಂದೇ ಕಾರ್ಖಾನೆಗೆಂದು ಬರೆಸಿದ ಪ್ರೋಗ್ರಾಮು ಇಂಥವು ಮಾತ್ರ ಮನುಷ್ಯರ ಪಾಲಿಗೆ ಉಳಿಯುತ್ತವೆ.

ಆದರೆ ಕೆಲಸ ಬೆಂಗಳೂರಿನಲ್ಲಿ ಮಾತ್ರ ಇದೆಯೆ? ಸಹಕಾರ ಚಳವಳಿಗೆ ಹೆಸರಾದ ಕಣಗಿನಹಾಳ ಪಕ್ಕದ ಗದಗ ಜಿಲ್ಲೆಯಲ್ಲೇ ಇದೆ. ಅಲ್ಲಿನ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ. ಅಂಥ ಸಂಘಗಳಲ್ಲೂ ಈಗ ಈ ಕೆಲಸವಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರಿನ ಅಡಿ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಂಘದ ಕಾರ್ಯದರ್ಶಿಯ ಪಕ್ಕದಲ್ಲಿ ಕೂತು, ಲೆಡ್ಜರಿನ ಬಾಕಿಗೂ ಪರದೆಯ ಬಾಕಿಗೂ ತಾಳೆ ನೋಡಿ, ಅಪ್‌ಡೇಟ್ ಬಂದ ದಿನ ಸಾಲದ ಹಂಗಾಮು ನಿಲ್ಲದಂತೆ ನೋಡಿಕೊಳ್ಳುವವರು ಊರಿನವರೇ ಆಗಬೇಕು. ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ, ಬಿವಿವಿ ಸಂಘದ ಪಾಲಿಟೆಕ್ನಿಕ್ ಇದೆ. ಅಂಗಡಿ ಮುಚ್ಚಿ ಬರುವವರಿಗೆ, ಶಾಲೆ ಬಿಟ್ಟ ಮೇಲೆ ಬರುವ ಶಿಕ್ಷಕಿಯರಿಗೆ ಅಲ್ಲಿನ ಲ್ಯಾಬುಗಳು ಸಂಜೆ ಏಳರಿಂದ ಒಂಬತ್ತರವರೆಗೆ ತೆರೆದರೆ, ಮೊದಲ ಪಾಠಕ್ಕೆ ನುಡಿಯನ್ನೇ ತೆಗೆದುಕೊಳ್ಳಬಹುದು: ಒಂದು ಕಂಪ್ಯೂಟರಿನಲ್ಲಿ ಕೈಯಿಂದ ಹಾಕುವುದು, ಆಮೇಲೆ ಅದೇ ಕೆಲಸವನ್ನು ಬರೆದಿಟ್ಟು ಲ್ಯಾಬಿನ ಮೂವತ್ತೂ ಕಂಪ್ಯೂಟರಿಗೆ ಒಂದೇ ಸಲ ಕಳಿಸುವುದು, ಮೂವತ್ತರಿಂದಲೂ ಗುರುತು ಉಳಿಯದಂತೆ ತೆಗೆಯುವುದು.