ಮರ್ಲಿನನ ಅರಿವು, ಅರಸರ ಅಂಜಿಕೆ

ಆರ್ಥರ್ ದೊರೆಯ ಕಥೆಗಳನ್ನು ಬಾಲ್ಯದಲ್ಲಿ ಓದಿದವರಿಗೆ ಮರ್ಲಿನನೆಂದೊಡನೆ ನೀಳವಾದ ಬಿಳಿಯ ಗಡ್ಡದ, ಎಲ್ಲರ ಹಿತವನ್ನೂ ಬಯಸುವ ವೃದ್ಧ ಮಾಂತ್ರಿಕನೊಬ್ಬನ ಚಿತ್ರವು ಕಣ್ಣಮುಂದೆ ನಿಲ್ಲುತ್ತದೆ. 12ನೆಯ ಶತಮಾನದ ಲ್ಯಾಟಿನ್ ಗ್ರಂಥಗಳಲ್ಲಿ ಕಾಣುವ ಮರ್ಲಿನನಾದರೋ ಬೇರೆಯೇ ಬಗೆಯವನು. ಅವನನ್ನು ಕಂಡವರು ಅಲ್ಲಿ ಅಚ್ಚರಿಗಿಂತ ಹೆಚ್ಚಾಗಿ ಕಳವಳಕ್ಕೆ ಒಳಗಾಗುತ್ತಾರೆ. ಅವನ ಮಾಟವೇ ಇದಕ್ಕೆ ಕಾರಣವೆಂದು ಭಾವಿಸುವುದು ವಾಡಿಕೆ. ಆದರೆ ಮೂಲವನ್ನು ಪರಿಶೀಲಿಸಿದರೆ ಅವನ ಮಾಟಕ್ಕಿಂತ ಅವನ ಅರಿವೇ ಹೆಚ್ಚು ಭೀತಿಕಾರಕವೆಂದು ತೋರುತ್ತದೆ.

ಕಥೆಯ ಬೀಜವು ಸುಮಾರು ಕ್ರಿ.ಶ. 830ರಲ್ಲಿ ಸಂಕಲಿತವಾದ 'ಹಿಸ್ಟೋರಿಯ ಬ್ರಿಟೋನಮ್' ಗ್ರಂಥದಲ್ಲಿದೆ. ಬ್ರಿಟನ್ನರ ಅರಸನಾದ ವೋರ್ಟಿಜರ್ನನು ವೇಲ್ಸಿನ ಬೆಟ್ಟಗಳಲ್ಲಿ ಕೋಟೆಯನ್ನು ಕಟ್ಟಲು ತೊಡಗುತ್ತಾನೆ; ಕೂಡಿಸಿಟ್ಟ ಸಾಮಗ್ರಿಯೆಲ್ಲ ರಾತ್ರಿಯಲ್ಲಿ ಮಾಯವಾಗುತ್ತದೆ. ತಂದೆಯಿಲ್ಲದ ಬಾಲಕನ ರಕ್ತವನ್ನು ನೆಲಕ್ಕೆ ಚಿಮುಕಿಸಬೇಕೆಂದು ಆಸ್ಥಾನದ ಪಂಡಿತರು ಹೇಳುತ್ತಾರೆ. ('ಕೆರೆಗೆ ಹಾರ'ವನ್ನು ಬಲ್ಲ ನಮಗೆ ಈ ಬಗೆಯ ಬಲಿಯ ಕಲ್ಪನೆ ಅಪರಿಚಿತವೇನಲ್ಲ.) ಈ ಗ್ರಂಥದಲ್ಲಿ ಬಾಲಕನ ಹೆಸರು ಆಂಬ್ರೋಸಿಯಸ್, ಕಡೆಗೆ ಅವನು ತಾನು ರೋಮನ್ ಕಾನ್ಸಲನೊಬ್ಬನ ಮಗನೆಂದು ತಿಳಿಸುವುದರಿಂದ ಕೇಳುವವರ ಮನಸ್ಸು ಸಮಾಧಾನಗೊಳ್ಳುತ್ತದೆ.

ಸುಮಾರು 1136ರಲ್ಲಿ ಬ್ರಿಟನ್ನಿನ ಅರಸರ ಚರಿತ್ರೆಯನ್ನು ರಚಿಸಿದ ಮಾನ್ಮತ್‌ನ ಜೆಫ್ರಿ ಈ ಸಮಾಧಾನವನ್ನು ಕಿತ್ತುಹಾಕಿದನು. ಅವನ ಗ್ರಂಥದಲ್ಲಿ ಬಾಲಕನು ಮರ್ಲಿನನಾಗುತ್ತಾನೆ. ತಾಯಿ ರಾಜಕುಮಾರಿ, ಸಂನ್ಯಾಸಿನಿ. ತಂದೆಯು ಅದೃಶ್ಯನಾಗಿ ಬಂದುಹೋಗುತ್ತಿದ್ದ ಯಾವುದೋ ಸತ್ತ್ವ. ಚಂದ್ರನಿಗೂ ಭೂಮಿಗೂ ನಡುವೆ ವಾಸಿಸುವ, ಅರ್ಧ ಮಾನವ ಸ್ವಭಾವದ ಇಂತಹ ಜೀವಿಗಳುಂಟೆಂದು ವಿದ್ವಾಂಸನೊಬ್ಬನು ಅರಸನಿಗೆ ವಿವರಿಸುತ್ತಾನೆ. ವಂಶದಿಂದಲೇ ಮನುಷ್ಯನ ಸ್ಥಾನವು ನಿರ್ಣಯವಾಗುತ್ತಿದ್ದ ಆ ಸಮಾಜದಲ್ಲಿ ತಂದೆಯಿಲ್ಲದವನನ್ನು ಎಲ್ಲಿ ಕೂರಿಸಬೇಕೆಂಬುದೇ ಯಾರಿಗೂ ತಿಳಿಯದು.

ಮುಂದಿನ ಪ್ರಸಂಗವು ವಿಶೇಷ ಗಮನಕ್ಕೆ ಅರ್ಹವಾಗಿದೆ. ಬಲಿಗೆಂದು ಎಳೆದುತಂದ ಬಾಲಕನು ಪ್ರಾಣಭಿಕ್ಷೆಯನ್ನು ಬೇಡುವುದಿಲ್ಲ, ಮಂತ್ರವನ್ನೂ ಉಚ್ಚರಿಸುವುದಿಲ್ಲ. ಅಡಿಪಾಯದ ಕೆಳಗೆ ಏನಿದೆಯೆಂದು ಪಂಡಿತರನ್ನೇ ಪ್ರಶ್ನಿಸುತ್ತಾನೆ. ಅವರು ಬಾಯಿಬಿಡಲಾರರು. ಅವನ ಮಾತಿನಂತೆ ನೆಲವನ್ನು ಅಗೆದಾಗ ಕೊಳವೊಂದು ಸಿಗುತ್ತದೆ. ಅದನ್ನು ಬರಿದುಮಾಡಿದಾಗ ಕೆಂಪು ಮತ್ತು ಬಿಳಿಯ ಘಟಸರ್ಪಗಳೆರಡು ಎದ್ದು ಕಾದಾಡುತ್ತವೆ. ಕೆಂಪು ಬ್ರಿಟನ್ನರದು, ಬಿಳಿ ಸ್ಯಾಕ್ಸನರದು. ಕೆಂಪಿಗೆ ವಿನಾಶವು ಸಮೀಪಿಸಿದೆಯೆಂದು ಬಾಲಕನು ಅಳುತ್ತಾ ನುಡಿಯುತ್ತಾನೆ. ಅರಸನು ತನ್ನ ಅಂತ್ಯವನ್ನು ಕೇಳಲು, ಕೋಟೆಯೊಳಗೆ ಬೆಂಕಿಗೆ ಆಹುತಿಯಾಗುವೆಯೆಂಬ ಉತ್ತರವು ಬರುತ್ತದೆ, ಹಾಗೆಯೇ ನಡೆಯುತ್ತದೆ. ಕೊಲ್ಲಬೇಕೆಂದು ಕರೆಸಿದವನಿಂದಲೇ ಅರಸನು ತನ್ನ ಮರಣವನ್ನು ತಿಳಿಯಬೇಕಾಯಿತು.

ಐರ್ಲೆಂಡಿನಿಂದ ಸ್ಟೋನ್‌ಹೆಂಜಿನ ಬಂಡೆಗಳನ್ನು ತಂದ ಕಥೆಯಲ್ಲಿಯೂ ಮಂತ್ರವಿಲ್ಲ. 15,000 ಮಂದಿಯ ಸೈನ್ಯವು ಹಗ್ಗ ಏಣಿಗಳೊಡನೆ ಸೋತಾಗ ಮರ್ಲಿನನು ನಕ್ಕು, ತನ್ನ ಯಂತ್ರೋಪಾಯಗಳಿಂದ ಕಲ್ಲುಗಳನ್ನು ಕೀಳಿಸುತ್ತಾನೆ. ಟಿಂಟಾಜೆಲ್ ಕೋಟೆಯಲ್ಲಿ ಊದರ್ ಅರಸನಿಗೆ ಪರಪುರುಷನ ರೂಪವನ್ನು ಕೊಟ್ಟು, ಆ ಪುರುಷನ ಪತ್ನಿಯ ಬಳಿಗೆ ಕಳುಹಿಸಿದ್ದು ಮಾತ್ರ ನಿಜವಾದ ಮಾಟ. ಅದೂ ಜೆಫ್ರಿಯ ಪ್ರಕಾರ ಔಷಧಗಳ ಬಲದಿಂದ. ಆರ್ಥರನ ಜನನಕ್ಕೆ ಕಾರಣವಾದ ಈ ವಂಚನೆಯ ಅನಂತರ ಮರ್ಲಿನನು ಆ ಗ್ರಂಥದ ರಂಗದಿಂದಲೇ ಮರೆಯಾಗುತ್ತಾನೆ.

ಸುಮಾರು 1150ರಲ್ಲಿ ಜೆಫ್ರಿಯೇ ರಚಿಸಿದ ಪದ್ಯಕಾವ್ಯದಲ್ಲಿ ಮರ್ಲಿನನು ಯುದ್ಧದ ದುಃಖದಿಂದ ಬುದ್ಧಿಭ್ರಮಣೆಗೊಂಡು ಕಾಡನ್ನು ಸೇರಿರುತ್ತಾನೆ. ರೊಡಾರ್ಕಸ್ ಅರಸನು ಅವನನ್ನು ಸರಪಳಿಯಿಂದ ಬಿಗಿದು ಆಸ್ಥಾನದಲ್ಲಿ ಇರಿಸುತ್ತಾನೆ. ಒಂದು ದಿನ ಅರಸನು ರಾಣಿಯ ಕೂದಲಿಗೆ ಸಿಕ್ಕಿದ್ದ ಎಲೆಯನ್ನು ತೆಗೆಯುತ್ತಿದ್ದಂತೆ ಮರ್ಲಿನನು ನಗುತ್ತಾನೆ. ಬಿಡುಗಡೆಯ ಮಾತನ್ನು ಪಡೆಯುವವರೆಗೂ ಕಾರಣವನ್ನು ಹೇಳುವುದಿಲ್ಲ: ರಾಣಿಯು ಪ್ರಿಯಕರನೊಡನೆ ಗಿಡಗಳ ಮರೆಯಲ್ಲಿ ಮಲಗಿದ್ದಾಗ ಸಿಕ್ಕಿದ ಎಲೆಯದು. ಜೆಫ್ರಿಯ ಸಕಲ ಘಟಸರ್ಪಗಳಿಗಿಂತಲೂ ಈ ಒಂದು ನಗೆಯೇ ನನಗೆ ಹೆಚ್ಚು ಭಯಂಕರವಾಗಿ ಕಾಣುತ್ತದೆ.

ಇಂತಹವನನ್ನು ಪಳಗಿಸುವ ಯತ್ನಗಳು ನಡೆಯದೆ ಇರಲಿಲ್ಲ. 12ನೆಯ ಶತಮಾನದ ಅಂತ್ಯದಲ್ಲಿ ನ್ಯೂಬರ್ಗಿನ ವಿಲಿಯಮನು ಜೆಫ್ರಿಯನ್ನು ಸುಳ್ಳುಗಾರನೆಂದು ಜರೆದು, ಪಿಶಾಚಗಳು ಭವಿಷ್ಯವನ್ನು ಅರಿಯಲಾರವು, ಊಹಿಸಬಲ್ಲವಷ್ಟೆ ಎಂದು ವಾದಿಸಿದನು. 1200ರ ಸುಮಾರಿಗೆ ಫ್ರೆಂಚ್ ಕವಿ ರಾಬರ್ಟ್ ಡಿ ಬೊರಾನನು ಅವನಿಗೆ ದೀಕ್ಷಾಸ್ನಾನವನ್ನೇ ಮಾಡಿಸಿದನು: ಭೂತದ ಜ್ಞಾನವು ಸೈತಾನನಿಂದ ಬಂದದ್ದು, ಭವಿಷ್ಯದ್ದು ದೇವರು ಕೊಟ್ಟದ್ದು! ಆದರೆ ಪಳಗದೆ ಉಳಿದದ್ದು ಭವಿಷ್ಯವಾಣಿಯ ಭಾಗ. 1485ರಲ್ಲಿ ಹೆನ್ರಿ ಟ್ಯೂಡರನು ಕೆಂಪು ಘಟಸರ್ಪದ ಧ್ವಜವನ್ನು ಹಿಡಿದು ಬಂದು ಸಿಂಹಾಸನವನ್ನು ಏರಿದನು. ಅವನ ಮಗ ಎಂಟನೆಯ ಹೆನ್ರಿಯ ಕಾಲದಲ್ಲಿ, 1542ರಲ್ಲಿ, ಲಾಂಛನಗಳನ್ನೂ ಅವುಗಳಲ್ಲಿನ ಪ್ರಾಣಿಗಳನ್ನೂ ಆಧರಿಸಿ ಭವಿಷ್ಯ ನುಡಿಯುವುದು ಘೋರಾಪರಾಧವೆಂದು ಇಂಗ್ಲೆಂಡಿನಲ್ಲಿ ಶಾಸನವಾಯಿತು.